ಫೋಟೋಗ್ರಫಿಗೆ ಡಿಗ್ರಿ ಬೇಕಾ?

ಫೋಟೋಗ್ರಫಿಯಲ್ಲಿ ಡಿಗ್ರಿ ಇಲ್ಲದಿದ್ದರೆ ಕೆಲಸ ಸಿಗುತ್ತದಾ? ಸಲಹೆ ಕೇಳಿ ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ ಇದು. ಸಿಗುತ್ತದೆ. ಮದುವೆಯಾಗಲಿ, ಫ್ಯಾಷನ್ ಆಗಲಿ, ಜಾಹೀರಾತಾಗಲಿ, ಕೆಲಸ ಕೊಡುವವರು ಸರ್ಟಿಫಿಕೇಟ್ ಕೇಳುವುದು ತೀರಾ ಅಪರೂಪ. ಅವರು ನೋಡುವುದು ಪೋರ್ಟ್‌ಫೋಲಿಯೊ, ಅಂದರೆ ನೀವು ತೆಗೆದ ಚಿತ್ರಗಳಲ್ಲಿ ಆಯ್ದವುಗಳ ಸಂಗ್ರಹ.

ಅಮೆರಿಕದ ಗಾರ್ಡನ್ ಪಾರ್ಕ್ಸ್ ಗಿರವಿ ಅಂಗಡಿಯಲ್ಲಿ ಕ್ಯಾಮೆರಾ ಕೊಂಡು ತಾವೇ ಕಲಿತರು, ಮುಂದೆ ಅಲ್ಲಿನ ಹೆಸರಾಂತ 'ಲೈಫ್' ಪತ್ರಿಕೆಯ ಫೋಟೋಗ್ರಾಫರ್ ಆದರು. ನಮ್ಮ ದೇಶದ ಹೆಸರಾಂತ ಫೋಟೋಗ್ರಾಫರ್ ರಘು ರಾಯ್ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಇಂಥ ಹೆಸರುಗಳನ್ನು ಹೇಳಿ, ಕಲಿಕೆಯೇ ಬೇಡ ಅಂದುಬಿಡುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಫೋಟೋಗ್ರಾಫರ್ ಕಾರ್ತಿಯೇ ಬ್ರೆಸೋನ್ ಚಿತ್ರಕಲೆ ಕಲಿತಿದ್ದರು, ಅವರ ಫ್ರೇಮುಗಳಲ್ಲಿ ಅದು ಕಾಣುತ್ತದೆ. ಅರ್ಥಶಾಸ್ತ್ರ ಓದಿದ್ದ ಬ್ರೆಜಿಲಿನ ಸಲ್ಗಾಡೊ 1973ರಲ್ಲಿ ಫೋಟೋಗ್ರಫಿಗೆ ಬಂದರು. ಕೂಲಿಕಾರರನ್ನೂ ವಲಸಿಗರನ್ನೂ ಅವರು ನೋಡಿದ ರೀತಿಯಲ್ಲಿ ಆ ಓದು ಇದೆ. ಅಮೆರಿಕದ ಫೋಟೋಗ್ರಾಫರ್ ಡಯಾನ್ ಆರ್ಬಸ್‌ಗೆ ಲಿಸೆಟ್ ಮೋಡೆಲ್ ಎಂಬ ಗಟ್ಟಿ ಗುರು ಇದ್ದರು. ಎಲ್ಲರೂ ಎಲ್ಲೋ ಒಂದು ಕಡೆ ಕಲಿತವರೇ.

ಒಳ್ಳೆಯ ಕಾಲೇಜಿನಲ್ಲಿ ಸಿಗುವ ದೊಡ್ಡ ಲಾಭ ನನ್ನ ಪ್ರಕಾರ ಬಲವಂತ. ನಿಮಗೆ ಇಷ್ಟವಿಲ್ಲದ ಅಸೈನ್‌ಮೆಂಟ್ ಕೊಡುತ್ತಾರೆ. ಮಾಡಿದ್ದನ್ನು ಎಲ್ಲರೆದುರು ಗೋಡೆಗೆ ಹಚ್ಚಿ, ಯಾಕೆ ಹೀಗೆ ತೆಗೆದೆ ಎಂದು ಕೇಳುತ್ತಾರೆ. ಸ್ವಂತವಾಗಿ ಕಲಿಯುವವರು ತಮಗೆ ಬರುವುದನ್ನೇ ಮತ್ತೆ ಮತ್ತೆ ಮಾಡುತ್ತಾರೆ, ಮೆಚ್ಚುವವರಿಗೇ ತೋರಿಸುತ್ತಾರೆ. ಅದಕ್ಕೇ ಲೈಟಿಂಗ್‌ನಲ್ಲಿ ಸಿಕ್ಕಿಬೀಳುವವರು ಜಾಸ್ತಿ. ಕಿಟಕಿಯ ಬೆಳಕಲ್ಲಿ ಸೊಗಸಾಗಿ ತೆಗೆಯುವವರು ಫ್ಲ್ಯಾಶ್ ಕೊಟ್ಟರೆ ಗಲಿಬಿಲಿಯಾಗುತ್ತಾರೆ. ಚಿಕ್ಕ ಲೈಟನ್ನು ಎರಡು ಪಟ್ಟು ದೂರ ಸರಿಸಿದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ಓದಿದರೆ ಸಾಲದು, ಲೈಟನ್ನು ಕೈಯಾರೆ ಸರಿಸಿ ನೋಡಬೇಕು.

ಈ ಬಲವಂತ ಕಾಲೇಜಿನ ಹೊರಗೂ ಸಿಗುತ್ತದೆ. ಒಬ್ಬ ನುರಿತ ಫೋಟೋಗ್ರಾಫರ್ ಬಳಿ ಅಸಿಸ್ಟೆಂಟ್ ಆಗಿ. ಸ್ಟ್ಯಾಂಡ್ ಹೊರುವುದು, ಕಾರ್ಡಿನ ಫೈಲುಗಳನ್ನು ಎರಡು ಕಡೆ ಕಾಪಿ ಮಾಡುವುದು, ಕೊಟೇಶನ್ ಬರೆಯುವುದು, ಚಿತ್ರವನ್ನು ಎಲ್ಲಿ, ಎಷ್ಟು ಕಾಲ ಬಳಸಬಹುದೆಂದು ಒಪ್ಪಂದದಲ್ಲಿ ಸ್ಪಷ್ಟ ಮಾಡುವುದು. ಹಣದ ಈ ಪಾಠವನ್ನು ಎಷ್ಟೋ ಕೋರ್ಸುಗಳು ಸುಮ್ನೆ ಮುಟ್ಟಿ ಬಿಡುತ್ತವೆ. ಪ್ರತಿಭೆ ಇದ್ದೂ ಈ ಪಾಠ ಗೊತ್ತಿಲ್ಲದೆ ವೃತ್ತಿ ಬಿಟ್ಟು ಹೋಗುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ನಾನು ಅಸಿಸ್ಟೆಂಟ್ ಆರಿಸುವಾಗ ಹತ್ತು ಉತ್ತಮ ಚಿತ್ರ ಕೇಳುವುದಿಲ್ಲ. ಒಂದು ಕೆಲಸದ ಎಲ್ಲ ಫ್ರೇಮುಗಳನ್ನೂ ತೋರಿಸಿ ಅನ್ನುತ್ತೇನೆ. ಮಳೆ ಬಂದಾಗ, ಬೆಳಕು ಹೋದಾಗ ಏನು ಮಾಡಿದರು ಅನ್ನುವುದು ಅಲ್ಲಿ ಗೊತ್ತಾಗುತ್ತದೆ, ಅಲ್ವಾ?

ಕಾಗದ ಬೇಕಾಗುವ ಕಡೆಗಳೂ ಇವೆ. ಕಾಲೇಜಿನಲ್ಲಿ ಪಾಠ ಹೇಳಲು, ಎಷ್ಟೋ ಸರ್ಕಾರಿ ಹುದ್ದೆಗಳಿಗೆ, ಆಸ್ಪತ್ರೆಯ ಅಥವಾ ಅಪರಾಧ ತನಿಖೆಯ ಫೋಟೋಗ್ರಫಿಗೆ ಸಾಮಾನ್ಯವಾಗಿ ಅರ್ಹತೆ ಕೇಳುತ್ತಾರೆ. ಹಣಕ್ಕಾಗಿ ಡ್ರೋನ್ ಹಾರಿಸಲು ಹಲವು ದೇಶಗಳಲ್ಲಿ ಪೈಲಟ್ ಪ್ರಮಾಣಪತ್ರ ಬೇಕು. ಗುರಿ ಅಲ್ಲಿದ್ದರೆ ಮೊದಲೇ ನಿಯಮ ಓದಿಕೊಳ್ಳಿ.

ಕಾಲೇಜೇ ಸರಿ ಅನ್ನಿಸಿದರೆ, ಸಾಲ ಮಾಡುವ ಮುನ್ನ ಒಮ್ಮೆ ಹೋಗಿ ಬನ್ನಿ. ಕೊನೆಯ ವರ್ಷದವರ ಕೆಲಸ ನೋಡಿ. ಪಾಠ ಮಾಡುವವರು ಈಗಲೂ ಶೂಟ್ ಮಾಡುತ್ತಾರಾ ಎಂದು ವಿಚಾರಿಸಿ. ಸ್ಟುಡಿಯೊ ವಿದ್ಯಾರ್ಥಿಗಳಿಗೆ ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ ಎಂದು ಆಫೀಸಿನಲ್ಲಿ ಕೇಳಬೇಡಿ, ವಿದ್ಯಾರ್ಥಿಗಳನ್ನೇ ಕೇಳಿ.