ಪದ ಪರಿಚಯ: ಡ್ರಗ್ ಕೋರ್ಟ್

‘ಡ್ರಗ್ ಕೋರ್ಟ್’ ಎಂದೊಡನೆ ನಮ್ಮ ಪತ್ರಿಕೆಗಳನ್ನು ಓದುವವರಿಗೆ ನೆನಪಾಗುವುದು ಬೆಂಗಳೂರಿನ ಎನ್‌ಡಿಪಿಎಸ್ ವಿಶೇಷ ನ್ಯಾಯಾಲಯ. ಅದು ಮಾದಕವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ, ಎಂಡಿಎಂಎ ಮುಂತಾದವುಗಳ ಪ್ರಕರಣಗಳನ್ನು ವಿಚಾರಿಸಿ ತೀರ್ಪು ನೀಡುವ ನ್ಯಾಯಾಲಯ. ಅಮೆರಿಕದಲ್ಲಿ ಈ ಹೆಸರು ಸೂಚಿಸುವುದು ಬೇರೊಂದು ವ್ಯವಸ್ಥೆಯನ್ನು: ವ್ಯಸನವೇ ಅಪರಾಧಕ್ಕೆ ಮೂಲವಾಗಿರುವ ಆರೋಪಿಯನ್ನು ಸೆರೆಮನೆಗೆ ಕಳುಹಿಸುವ ಬದಲು, ನ್ಯಾಯಾಧೀಶರ ಕಣ್ಣೆದುರಿನಲ್ಲೇ ಚಿಕಿತ್ಸೆಗೆ ಒಳಪಡಿಸುವ ನ್ಯಾಯಾಲಯವನ್ನು.

ಇಂತಹ ಮೊದಲ ನ್ಯಾಯಾಲಯ 1989ರಲ್ಲಿ ಫ್ಲಾರಿಡಾದ ಮಯಾಮಿಯಲ್ಲಿ ಆರಂಭವಾಯಿತು. ಕೊಕೇನ್ ಹಾವಳಿಯ ಆ ದಿನಗಳಲ್ಲಿ ಬಿಡುಗಡೆಯಾದವರೇ ಮತ್ತೆ ಮತ್ತೆ ಬಂಧಿತರಾಗಿ ಬರುತ್ತಿದ್ದರು. ಇಲ್ಲಿ ನ್ಯಾಯಾಧೀಶರು, ಸರ್ಕಾರಿ ವಕೀಲರು, ಆರೋಪಿಯ ವಕೀಲರು ಮತ್ತು ಚಿಕಿತ್ಸಕರು ಒಂದೇ ತಂಡವಾಗಿ ಕೆಲಸ ಮಾಡುತ್ತಾರೆ. ಸಾಮಾನ್ಯವಾಗಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ವ್ಯಕ್ತಿಯು ಪದೇ ಪದೇ ಮೂತ್ರ ಪರೀಕ್ಷೆಗೆ ಒಳಗಾಗಬೇಕು ಮತ್ತು ಆರಂಭದಲ್ಲಂತೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ನ್ಯಾಯಾಧೀಶರೆದುರು ನಿಲ್ಲಬೇಕು. ಪ್ರಗತಿ ಕಂಡರೆ ತೆರೆದ ನ್ಯಾಯಾಲಯದಲ್ಲೇ ಚಪ್ಪಾಳೆ. ತಪ್ಪಿದರೆ ಕೆಲವು ದಿನಗಳ ಜೈಲು. ನ್ಯಾಯಾಲಯದಲ್ಲಿ ಚಪ್ಪಾಳೆಯೇ ಎಂದು ನಮಗೆ ಅಚ್ಚರಿಯಾಗಬಹುದು, ಆದರೆ ಈ ಪದ್ಧತಿಯಲ್ಲಿ ಅದಕ್ಕೂ ಚಿಕಿತ್ಸೆಯ ಬೆಲೆಯಿದೆ. ಪೂರ್ತಿಗೊಳಿಸಿದವರ ಆರೋಪ ರದ್ದಾಗಬಹುದು ಅಥವಾ ಶಿಕ್ಷೆ ಇಳಿಯಬಹುದು. ನಡುವೆ ಬಿಟ್ಟವರು ಮೂಲ ಶಿಕ್ಷೆಯನ್ನು ಎದುರಿಸಬೇಕಾಗುತ್ತದೆ.

ಒತ್ತಾಯದ ಚಿಕಿತ್ಸೆ ಫಲಿಸದು ಎಂಬ ರೂಢಿಯ ನಂಬಿಕೆಯನ್ನು ಸಂಶೋಧನೆ ಒಪ್ಪುವುದಿಲ್ಲ. ಅಮೆರಿಕದ ರಾಷ್ಟ್ರೀಯ ಮಾದಕವ್ಯಸನ ಸಂಶೋಧನಾ ಸಂಸ್ಥೆಯ ಮಾರ್ಗದರ್ಶಿ ತತ್ತ್ವಗಳ ಪ್ರಕಾರ, ಫಲ ಕೊಡಲು ಚಿಕಿತ್ಸೆ ಸ್ವಇಚ್ಛೆಯದ್ದೇ ಆಗಿರಬೇಕಿಲ್ಲ. ಆದರೆ ತೊಂಬತ್ತು ದಿನಗಳಿಗಿಂತ ಕಡಿಮೆ ಅವಧಿಯ ಚಿಕಿತ್ಸೆಯ ಪರಿಣಾಮ ಸೀಮಿತ. ಎಂದರೆ ನ್ಯಾಯಾಲಯದ ಒತ್ತಡ ಮಾಡುವ ನಿಜವಾದ ಕೆಲಸ ಹೆದರಿಸುವುದಲ್ಲ, ಚಿಕಿತ್ಸೆಯಲ್ಲಿ ಸಾಕಷ್ಟು ಕಾಲ ಉಳಿಸಿಕೊಳ್ಳುವುದು. ಒಟ್ಟು 154 ಮೌಲ್ಯಮಾಪನಗಳನ್ನು ಕ್ರೋಡೀಕರಿಸಿ 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಅಂದಾಜಿನಲ್ಲಿ, ವಯಸ್ಕರ ಡ್ರಗ್ ಕೋರ್ಟ್‌ಗಳಲ್ಲಿ ಮರು ಅಪರಾಧದ ಪ್ರಮಾಣ ಶೇ 50ರಿಂದ ಸುಮಾರು ಶೇ 38ಕ್ಕೆ ಇಳಿಯುತ್ತದೆ. ಬಾಲಾಪರಾಧಿಗಳಲ್ಲಿ ಈ ಇಳಿಕೆ ಇನ್ನೂ ಚಿಕ್ಕದು. ಆ ಅಧ್ಯಯನಗಳಲ್ಲಿ ಬಹುಪಾಲು ಯಾದೃಚ್ಛಿಕ ಪ್ರಯೋಗಗಳಲ್ಲವಾದ್ದರಿಂದ (ಎಂದರೆ, ಚೀಟಿ ಎತ್ತಿದಂತೆ ಜನರನ್ನು ಗುಂಪುಗಳಿಗೆ ಹಂಚಿ ಹೋಲಿಸಿದವುಗಳಲ್ಲವಾದ್ದರಿಂದ), ಸುಧಾರಿಸುವ ಲಕ್ಷಣವಿದ್ದವರನ್ನೇ ಆರಿಸಿಕೊಂಡಿರಬಹುದೆಂಬ ಅನುಮಾನವನ್ನೂ ಜೊತೆಗಿಟ್ಟುಕೊಂಡೇ ಈ ಅಂಕಿಯನ್ನು ಓದಬೇಕು.

ಈ ಪದ್ಧತಿಗೆ ಕಳಂಕವೂ ಇದೆ. ಹೆರಾಯಿನ್‌ನಂತಹ ಅಫೀಮು ಮೂಲದ ವ್ಯಸನಕ್ಕೆ ಅದೇ ವರ್ಗದ ಔಷಧಿಗಳಾದ ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಪರಿಣಾಮಕಾರಿ ಎಂಬುದು ದೃಢಪಟ್ಟಿದ್ದರೂ, ‘ಒಂದು ಚಟದ ಬದಲು ಇನ್ನೊಂದು’ ಎಂದು ಹಲವು ನ್ಯಾಯಾಧೀಶರು ಅವುಗಳನ್ನು ನಿಷೇಧಿಸಿದ್ದರು. ಆ ಔಷಧಿಗಳನ್ನು ನಿರಾಕರಿಸುವ ಡ್ರಗ್ ಕೋರ್ಟ್‌ಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಅನುದಾನವಿಲ್ಲ ಎಂಬ ನಿಯಮ ಬಂದದ್ದು 2015ರಲ್ಲಿ.

ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯ 39ನೇ ಕಲಮಿನಲ್ಲೂ ಇದಕ್ಕೆ ಹತ್ತಿರದ ಅವಕಾಶವಿದೆ. ಅದರಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಮಾದಕವಸ್ತುವಿಗೆ ಸಂಬಂಧಿಸಿದ ಅಪರಾಧಕ್ಕಾಗಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನ ಒಪ್ಪಿಗೆಯ ಮೇರೆಗೆ ಮುಚ್ಚಳಿಕೆ ಬರೆಸಿಕೊಂಡು, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಬಿಡಬಹುದು. ಚಿಕಿತ್ಸೆಯ ಫಲದ ವರದಿಯನ್ನು ಅವನು ಹೆಚ್ಚೆಂದರೆ ಒಂದು ವರ್ಷದೊಳಗೆ ಒಪ್ಪಿಸಬೇಕು. ಡ್ರಗ್ ಕೋರ್ಟ್‌ನ ಜೀವಾಳವಾದ, ವಾರವಾರವೂ ಅದೇ ನ್ಯಾಯಾಧೀಶರು ‘ಹೇಗಿದ್ದೀರಿ’ ಎಂದು ಕೇಳುವ ವಾಯಿದೆ ಮಾತ್ರ ಈ ಕಲಮಿನಲ್ಲಿಲ್ಲ.