ಜಡ್ಡು ಹಿಮ್ಮಡಿಗೆ ಜಿಡ್ಡು ಸಾಕಾ?

ಮೊನ್ನೆ ರಾತ್ರಿ ಹೊದಿಕೆ ಎಳೆದುಕೊಳ್ಳುವಾಗ ಪರ್ರ್ ಎಂದು ಸದ್ದಾಯಿತು. ಹೊದಿಕೆ ಹರಿದಿರಲಿಲ್ಲ. ನನ್ನ ಹಿಮ್ಮಡಿಯ ಅಂಚಿನಲ್ಲಿ ಎದ್ದು ನಿಂತಿದ್ದ ಒಂದು ಚೆಕ್ಕೆಗೆ ನೂಲು ಸಿಕ್ಕಿಕೊಂಡಿತ್ತು. ದೀಪ ಹಾಕಿ ನೋಡಿದೆ. ಬೇಳೆಯಷ್ಟು ಅಗಲದ, ಹಳದಿ ಬಣ್ಣದ ಸತ್ತ ಚರ್ಮ. ಆಗಲೇ ಮುಕ್ಕಾಲು ಬಿಟ್ಟುಕೊಂಡಿತ್ತು. ಉಗುರು ಕತ್ತರಿಯಿಂದ ಮೆಲ್ಲಗೆ ಬಿಡಿಸಿದೆ. ನೋವೇನೂ ಆಗಲಿಲ್ಲ. ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದರೆ ಟಿಕ್ ಎಂದು ಎರಡು ತುಂಡಾಯಿತು.

ಯಾರಾದರೂ ಅದನ್ನು ಎಸೆಯುತ್ತಿದ್ದರು. ನಾನು ಎರಡು ಬಟ್ಟಲು ತಂದೆ. ಒಂದಕ್ಕೆ ಎಣ್ಣೆ ಸುರಿದೆ, ಇನ್ನೊಂದಕ್ಕೆ ನಲ್ಲಿ ನೀರು. ಒಂದೊಂದರಲ್ಲಿ ಒಂದೊಂದು ತುಂಡು ಹಾಕಿ ಮಲಗಿದೆ.

ಬೆಳಿಗ್ಗೆ ಎಣ್ಣೆಯೊಳಗಿನ ತುಂಡು ಮಿರಮಿರ ಮಿಂಚುತ್ತಿತ್ತು. ನೋಡಲು ಬಹಳ ಚೆನ್ನಾಗಿತ್ತು. ಒರೆಸಿ ಬಗ್ಗಿಸಿದೆ. ಟಿಕ್. ನೀರಿನಲ್ಲಿದ್ದದ್ದು ಬೆಳ್ಳಗೆ ಊದಿಕೊಂಡಿತ್ತು. ಬಗ್ಗಿಸಿದರೆ ರಬ್ಬರಿನ ಹಾಗೆ ಮಡಚಿಕೊಂಡು, ಬಿಟ್ಟರೆ ಮತ್ತೆ ಬಿಚ್ಚಿಕೊಂಡಿತು.

ಈ ಪ್ರಯೋಗ ನನ್ನ ತಲೆಯಿಂದ ಬಂದದ್ದಲ್ಲ. 1952ರಲ್ಲಿ ಅಮೆರಿಕದ ಇರ್ವಿನ್ ಬ್ಲಾಂಕ್ ಎಂಬ ವಿಜ್ಞಾನಿ ಇದನ್ನೇ ಶಿಸ್ತಾಗಿ ಮಾಡಿ ಪ್ರಕಟಿಸಿದ್ದರು. ಜಡ್ಡುಗಟ್ಟಿದ ಚರ್ಮದ ಒಣ ತುಂಡುಗಳನ್ನು ಎಣ್ಣೆಯಲ್ಲಿ, ಜಿಡ್ಡಿನಲ್ಲಿ ಅದ್ದಿ ಇಟ್ಟರೂ ಅವು ಒಣ ಕಡ್ಡಿಯಂತೆ ಮುರಿಯುತ್ತಿದ್ದವು. ನೀರು ಹೀರಿಕೊಂಡರೆ ಮಾತ್ರ ಮೆತ್ತಗಾಗುತ್ತಿದ್ದವು. ಚರ್ಮದ ಮೇಲ್ಪದರದಲ್ಲಿ ನೀರಿನ ಪಾಲು ಸುಮಾರು ಶೇಕಡಾ 10ಕ್ಕಿಂತ ಕೆಳಗಿಳಿದರೆ ಅದು ಪೆಡಸಾಗುತ್ತದೆ ಎಂದು ಬ್ಲಾಂಕ್ ಲೆಕ್ಕ ಕೊಟ್ಟರು. ಎಪ್ಪತ್ತು ವರ್ಷ ದಾಟಿತು. ಈಗಲೂ ನಾವು ಒಣಗಿದ ಹಿಮ್ಮಡಿಗೆ ಒಣಗಿದ್ದಾಗಲೇ ಎಣ್ಣೆ ತಿಕ್ಕುತ್ತೇವೆ. ಆಮೇಲೆ "ಏನು ಹಚ್ಚಿದ್ರೂ ಅಷ್ಟೇ" ಅಂತ ಗೊಣಗುತ್ತೇವೆ.

ಹಾಗಾದರೆ ಎಣ್ಣೆ ದಂಡವಾ? ದಂಡವಲ್ಲ, ಅದರ ಕೆಲಸ ಬೇರೆ. ನೀರು ಪಾತ್ರೆಯೊಳಗಿನ ಸಾಮಾನು, ಎಣ್ಣೆ ಅದರ ಮುಚ್ಚಳ. ಖಾಲಿ ಪಾತ್ರೆಗೆ ಎಷ್ಟು ಬಿಗಿಯಾದ ಮುಚ್ಚಳ ಹಾಕಿದರೇನು!

ಹಿಮ್ಮಡಿಗೇ ಈ ಗ್ರಹಚಾರ ಯಾಕೆ ಅಂದರೆ, ಅಂಗಾಲಿನಲ್ಲಿ ಜಿಡ್ಡಿನ ಗ್ರಂಥಿಗಳೇ ಇಲ್ಲ. ಮುಖಕ್ಕೆ, ತಲೆಗೆ, ಬೆನ್ನಿಗೆ ಮೈಯೇ ಎಣ್ಣೆ ಒದಗಿಸುತ್ತದೆ. ಅಂಗೈ ಮತ್ತು ಅಂಗಾಲಿಗೆ ಆ ಸೌಕರ್ಯವಿಲ್ಲ. ಬೆವರಿನ ಗ್ರಂಥಿಗಳು ಮಾತ್ರ ಒಂದು ಚದರ ಸೆಂಟಿಮೀಟರಿಗೆ ನೂರಾರಿವೆ. ವಯಸ್ಸಾದಂತೆ ಬೆವರೂ ಕಡಿಮೆಯಾಗುತ್ತದೆ. ಇದರ ಮೇಲೆ ಮೈಭಾರ ಬೇರೆ. ಹಿಮ್ಮಡಿಯ ಮೂಳೆಯ ಕೆಳಗೆ ಕೊಬ್ಬಿನ ಒಂದು ದಿಂಬಿದೆ. ಹೆಜ್ಜೆ ಊರಿದಾಗ ಅದು ಅಮುಕಿಕೊಂಡು ಪಕ್ಕಕ್ಕೆ ಉಬ್ಬುತ್ತದೆ. ಅಂಚಿನ ಚರ್ಮ ಆಗ ಹಿಗ್ಗಬೇಕು. ನೀರಿದ್ದರೆ ಹಿಗ್ಗುತ್ತದೆ, ಇಲ್ಲದಿದ್ದರೆ ಸೀಳುತ್ತದೆ. ಬಿರುಕುಗಳೆಲ್ಲ ಹಿಮ್ಮಡಿಯ ನಡುವೆ ಬಾರದೆ ಸುತ್ತಂಚಿನಲ್ಲೇ ಸಾಲಾಗಿ ನಿಲ್ಲುವುದು ಇದಕ್ಕೇ. ಹಿಂಬದಿ ತೆರೆದ ಚಪ್ಪಲಿಯಲ್ಲಿ ಆ ಉಬ್ಬನ್ನು ತಡೆಯುವವರಿಲ್ಲ. ಬೂಟಿನ ಹಿಂಗೋಡೆ ಒಂದಷ್ಟು ತಡೆಯುತ್ತದೆ.

ಇಷ್ಟು ಎಲ್ಲರೂ ಒಪ್ಪುತ್ತಾರೆ. ನನಗೆ ನಿಜವಾಗಿ ಖುಷಿ ಕೊಡುವುದು ಮುಂದಿನ ಭಾಗ. ಹಿಮ್ಮಡಿ ಒಣಗುತ್ತದೆ, ಸರಿ. ದಪ್ಪ ಯಾಕಾಗುತ್ತದೆ? ಒಣಗಿದ ವಸ್ತು ಸೊರಗಬೇಕು, ಅಲ್ವಾ?

ಚರ್ಮದ ಮೇಲ್ಪದರದಲ್ಲಿ ಇರುವುದು ಸತ್ತ ಕೋಶಗಳು. ಚಪ್ಪಟೆಯಾಗಿ, ಒಂದರ ಮೇಲೊಂದು ಹೆಂಚು ಜೋಡಿಸಿದಂತೆ ಕೂತಿರುತ್ತವೆ. ಹೆಂಚುಗಳ ನಡುವೆ ಗಾರೆಯ ಹಾಗೆ ಕೊಬ್ಬಿನಂಥ ವಸ್ತು ತುಂಬಿರುತ್ತದೆ. ಇಷ್ಟೇ ಇದ್ದಿದ್ದರೆ ಒಂದು ಉಜ್ಜಿಗೆ ಎಲ್ಲ ಉದುರಿ ಹೋಗುತ್ತಿತ್ತು. ಹಾಗಾಗದಂತೆ ಕೋಶ ಕೋಶಕ್ಕೂ ಪ್ರೋಟೀನಿನ ಗುಂಡಿಗಳು ಹಾಕಿರುತ್ತವೆ, ಅಂಗಿಯ ಗುಂಡಿಯಂತೆ. ಮೇಲಿನ ಕೋಶ ಉದುರಬೇಕಾದರೆ ಯಾರೋ ಬಂದು ಗುಂಡಿಯ ದಾರ ಕತ್ತರಿಸಬೇಕು. ಆ ಕತ್ತರಿಗಳೇ ಚರ್ಮದೊಳಗಿನ ಕಿಣ್ವಗಳು. ಆರೋಗ್ಯವಾದ ಚರ್ಮದಲ್ಲಿ ಈ ಕತ್ತರಿಗಳು ದಿನವಿಡೀ ಸದ್ದಿಲ್ಲದೆ ಕತ್ತರಿಸುತ್ತವೆ. ಕೋಶಗಳು ಒಂಟೊಂಟಿಯಾಗಿ, ಕಣ್ಣಿಗೆ ಕಾಣದಷ್ಟು ಸಣ್ಣಗೆ ಉದುರುತ್ತವೆ. ಕೆಳಗೆ ಹುಟ್ಟಿದಷ್ಟು ಮೇಲೆ ಉದುರಿದರೆ ದಪ್ಪ ಅಷ್ಟೇ ಉಳಿಯುತ್ತದೆ.

ಸ್ವಾರಸ್ಯ ಇರುವುದು ಇಲ್ಲಿ. ಈ ಕತ್ತರಿಗಳು ಕೆಲಸ ಮಾಡಲು ನೀರು ಬೇಕು. ಅಂಟಿಸಿದ ಲಕೋಟೆಯನ್ನು ಹಾಗೇ ಎಳೆದರೆ ಹರಿಯುತ್ತದೆ, ಆವಿಗೆ ಹಿಡಿದರೆ ತಾನೇ ಬಿಚ್ಚಿಕೊಳ್ಳುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ನೀರಿಲ್ಲದಿದ್ದರೆ ಕತ್ತರಿ ಜಾಮ್. ಕೆಳಗಿನಿಂದ ಹೊಸ ಕೋಶಗಳು ಮಾತ್ರ ಬರುತ್ತಲೇ ಇರುತ್ತವೆ. ಸಹಿ ಹಾಕುವ ಸಾಹೇಬರು ರಜೆ ಹಾಕಿದ ಕಚೇರಿಯ ಕತೆ ಅದು. ಫೈಲು ಬರುವುದು ನಿಲ್ಲಲ್ಲ, ಹೋಗುವುದು ನಿಂತಿದೆ. ಮೇಜಿನ ಮೇಲೆ ರಾಶಿ. ಆ ರಾಶಿಯೇ ಜಡ್ಡು. ರಾಶಿ ಎತ್ತರವಾದಷ್ಟೂ ಒಳಗಿನ ತೇವ ಮೇಲಿನ ತುದಿಗೆ ಏರುವುದು ಕಷ್ಟ. ತುದಿ ಇನ್ನಷ್ಟು ಒಣಗುತ್ತದೆ, ಕತ್ತರಿಗಳು ಇನ್ನಷ್ಟು ಕಟ್ಟಿಕೊಳ್ಳುತ್ತವೆ, ರಾಶಿ ಇನ್ನಷ್ಟು ಬೆಳೆಯುತ್ತದೆ. ಕೊನೆಗೆ ಕೋಶಗಳು ಒಂಟಿಯಾಗಿ ಉದುರುವುದನ್ನು ಬಿಟ್ಟು ಕಂತೆಕಂತೆಯಾಗಿ, ಗುಂಡಿ ಹಾಕಿದ ಅಂಗಿಗಳ ಗಂಟಿನ ಹಾಗೆ ಏಳುತ್ತವೆ. ನನ್ನ ಹೊದಿಕೆಗೆ ಸಿಕ್ಕಿದ್ದು ಅಂಥದ್ದೇ ಒಂದು ಗಂಟು.

ಆದ್ದರಿಂದ ಕಾಲು ನೆನೆಸುವುದು ಬರೀ ಮೆತ್ತಗೆ ಮಾಡುವ ಉಪಾಯವಲ್ಲ. ನಿಂತ ಕತ್ತರಿಗಳನ್ನು ಮತ್ತೆ ಕೆಲಸಕ್ಕೆ ಕರೆಯುವ ಉಪಾಯವೂ ಹೌದು. ಆದರೆ ಹತ್ತು ಹದಿನೈದು ನಿಮಿಷ ಸಾಕು. ನೀರು ಉಗುರುಬೆಚ್ಚಗಿರಲಿ. ಗಂಟೆಗಟ್ಟಲೆ ಕೂತರೆ ಇನ್ನೊಂದು ತೊಂದರೆ ಇದೆ. ಸತ್ತ ಕೋಶಗಳೊಳಗೆ ನೀರನ್ನು ಹಿಡಿದಿಡುವ ಸಣ್ಣ ಸಣ್ಣ ವಸ್ತುಗಳಿರುತ್ತವೆ: ಅಮೈನೋ ಆಮ್ಲಗಳು, ಲ್ಯಾಕ್ಟೇಟ್, ಯೂರಿಯಾ. ಇವೆಲ್ಲ ನೀರಿನಲ್ಲಿ ಕರಗುತ್ತವೆ. ಜಾಸ್ತಿ ಹೊತ್ತು ನೆನೆಸಿದರೆ, ಅದರಲ್ಲೂ ಸೋಪು ಸೇರಿದರೆ, ಅವೂ ತೊಳೆದು ಹೋಗುತ್ತವೆ. ಆಮೇಲೆ ಚರ್ಮ ಮೊದಲಿಗಿಂತ ಪೆಡಸಾಗುತ್ತದೆ.

ಯೂರಿಯಾ ಅಂದೆನಲ್ಲ, ಅದರ ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಜೀವಿಗಳ ಮೈಯಲ್ಲಿ ಹುಟ್ಟುವ ವಸ್ತುಗಳಿಗೆ ಏನೋ ಒಂದು ಪ್ರಾಣಶಕ್ತಿ ಬೇಕು, ಗಾಜಿನ ಬುರುಡೆಯಲ್ಲಿ ಅವು ತಯಾರಾಗಲ್ಲ ಎಂದು ದೊಡ್ಡ ದೊಡ್ಡವರೇ ನಂಬಿದ್ದ ಕಾಲ. 1828ರಲ್ಲಿ ಜರ್ಮನಿಯ ಫ್ರೀಡ್ರಿಶ್ ವೋಲರ್ ಬೇರೇನನ್ನೋ ಮಾಡಲು ಹೋದರು. ಸಿಕ್ಕ ಹರಳುಗಳನ್ನು ಪರೀಕ್ಷಿಸಿದರೆ ಅವು ಯೂರಿಯಾ. ಮನುಷ್ಯನದ್ದೋ ನಾಯಿಯದ್ದೋ ಮೂತ್ರಪಿಂಡದ ಹಂಗೇ ಇಲ್ಲದೆ ಯೂರಿಯಾ ಮಾಡಬಲ್ಲೆ ಎಂದು ತಮ್ಮ ಗುರು ಬರ್ಜೀಲಿಯಸ್‌ಗೆ ಕಾಗದ ಬರೆದರು. ಒಂದು ಹಳೆಯ ನಂಬಿಕೆಗೆ ಮೊದಲ ಬಿರುಕು ಬಿದ್ದದ್ದು ಹೀಗೆ. ಅದೇ ಯೂರಿಯಾ ಈಗ ನಮ್ಮ ಬಿರುಕಿಗೆ ಮದ್ದು. ಶೇಕಡಾ 10ರ ಆಸುಪಾಸಿನ ಕ್ರೀಮಿನಲ್ಲಿ ಅದು ನೀರನ್ನು ಹಿಡಿದಿಡುತ್ತದೆ. ಶೇಕಡಾ 25, 40 ಆದರೆ ಸತ್ತ ಚರ್ಮವನ್ನೇ ಸಡಿಲಿಸುತ್ತದೆ. ಹಾಗಂತ ಮೂತ್ರ ಹಚ್ಚಿಕೊಳ್ಳುವ 'ಚಿಕಿತ್ಸೆ'ಗೆ ಇದನ್ನು ಸಾಕ್ಷಿಯಾಗಿ ಎಳೆಯಬೇಡಿ. ಮೂತ್ರದಲ್ಲಿ ಯೂರಿಯಾ ಇರುವುದು ಶೇಕಡಾ 2ರಷ್ಟು. ಕ್ರೀಮಿಗೆ ಹಾಕುವುದು ಕಾರ್ಖಾನೆಯಲ್ಲಿ ಮಾಡಿದ್ದು.

ಈಗ ಮನೆಮದ್ದಿನ ಪಟ್ಟಿಗೆ ಬರೋಣ. ಗ್ಲಿಸರಿನ್ ಒಳ್ಳೆಯದು, ನೀರನ್ನು ಎಳೆದು ಹಿಡಿಯುತ್ತದೆ. 18ನೇ ಶತಮಾನದಲ್ಲಿ ಶೀಲೆ ಎಂಬ ಸ್ವೀಡನ್ನಿನ ಔಷಧಿ ವ್ಯಾಪಾರಿ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನ ಜೊತೆ ಕಾಯಿಸುವಾಗ ಸಿಕ್ಕ ಸಿಹಿ ದ್ರವ ಅದು. ಜೇನು ಕೂಡ ಸಕ್ಕರೆಯ ಬಲದಿಂದ ಅದೇ ಕೆಲಸ ಮಾಡುತ್ತದೆ. ಆದರೆ ಅಂಟಂಟು, ಮತ್ತೆ ಇರುವೆ. ಕಿವುಚಿದ ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರೇ. ಹಾಗಾಗಿ ಅದು ಒದ್ದೆ ಬಟ್ಟೆ ಸುತ್ತಿದಷ್ಟು ಕೆಲಸ ಮಾಡುತ್ತದೆ. ಒದ್ದೆ ಬಟ್ಟೆಯನ್ನೇ ಸುತ್ತಬಹುದು. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ನಿಜಕ್ಕೂ ಚರ್ಮದ ಗುಂಡಿ ಸಡಿಲಿಸುವ ವಸ್ತು. ಆದರೆ ಮೊಸರಿನಲ್ಲಿ ಅದು ಸುಮಾರು ಶೇಕಡಾ 1. ಮುಲಾಮುಗಳಲ್ಲಿ ಶೇಕಡಾ 12ರವರೆಗೂ ಇರುತ್ತದೆ.

ನಿಂಬೆಹಣ್ಣು ಮತ್ತು ಅಡುಗೆ ಸೋಡಾ ಕಂಡರೆ ಮಾತ್ರ ನನಗೆ ಸಿಟ್ಟು. ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಪಿಎಚ್ ಸುಮಾರು 5. (ಪಿಎಚ್ ಅಂದರೆ ಹುಳಿ ಅಳೆಯುವ ಅಂಕಿ. 7 ನಡುಮಧ್ಯ, ಅದಕ್ಕಿಂತ ಇಳಿದಷ್ಟೂ ಹುಳಿ, ಏರಿದಷ್ಟೂ ಕ್ಷಾರ.) ಗಾರೆಯ ಕೊಬ್ಬನ್ನು ಸಿದ್ಧಮಾಡುವ ಕಿಣ್ವಗಳಿಗೆ ಆ ಹುಳಿಯೇ ಬೇಕು. ಸೋಡಾ ನೀರಿನ ಪಿಎಚ್ 8ಕ್ಕೂ ಮೇಲೆ, ನಿಂಬೆರಸದ್ದು 2ರ ಆಸುಪಾಸು. ಒಂದು ಆ ತುದಿ, ಇನ್ನೊಂದು ಈ ತುದಿ. ಎರಡನ್ನೂ ಒಟ್ಟಿಗೆ ಬೆರೆಸಿದರೆ ಬುಸ್ ಎಂದು ನೊರೆ ಬರುತ್ತದೆ, ನೋಡಲು ಏನೋ ಆಗುತ್ತಿರುವಂತೆ ಕಾಣುತ್ತದೆ. ಒಂದನ್ನೊಂದು ಕೊಂದುಕೊಳ್ಳುತ್ತಿವೆ, ಅಷ್ಟೇ. ತೆರೆದ ಬಿರುಕಿಗೆ ನಿಂಬೆ ಹಿಂಡಿದವರಿಗೆ ಅದರ ಉರಿಯ ಬಗ್ಗೆ ನಾನು ಹೇಳಬೇಕಾಗಿಲ್ಲ.

ಇನ್ನು ಪಾದದಿಂದ 'ವಿಷ' ತೆಗೆಯುವ ತೊಟ್ಟಿ. ಉಪ್ಪು ನೀರಿಗೆ ಕರೆಂಟು ಬಿಡುತ್ತಾರೆ, ಕಾಲಿಟ್ಟು ಕೂತರೆ ನೀರು ಕಂದಾಗುತ್ತದೆ. ಕಾಲಿಡದಿದ್ದರೂ ಕಂದಾಗುತ್ತದೆ! ಅದು ಕಬ್ಬಿಣದ ವಿದ್ಯುದ್ವಾರಗಳ ತುಕ್ಕು.

ಮುಚ್ಚಳಕ್ಕೆ ವಾಪಸ್ ಬರೋಣ. ಮುಚ್ಚಳಗಳಲ್ಲೆಲ್ಲ ಬಿಗಿಯಾದದ್ದು ಪೆಟ್ರೋಲಿಯಂ ಜೆಲ್ಲಿ. ರಾಬರ್ಟ್ ಚೆಸ್‌ಬ್ರೊ ಎಂಬ ಯುವಕ 1859ರಲ್ಲಿ ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳನ್ನು ನೋಡಲು ಹೋಗಿದ್ದ. ಪಂಪಿನ ಸರಳುಗಳಿಗೆ ಮೆತ್ತಿಕೊಳ್ಳುವ ಕರಿ ಮೇಣವೊಂದನ್ನು ಕೆಲಸಗಾರರು ಬೈದುಕೊಂಡೇ ಕೆರೆದು ತೆಗೆಯುತ್ತಿದ್ದರು. ಗಾಯಕ್ಕೆ, ಸುಟ್ಟದ್ದಕ್ಕೆ ಅದನ್ನೇ ಹಚ್ಚಿಕೊಳ್ಳುತ್ತಿದ್ದರು. ಚೆಸ್‌ಬ್ರೊ ಅದನ್ನು ಮನೆಗೆ ಒಯ್ದು, ವರ್ಷಗಟ್ಟಲೆ ಶುದ್ಧಮಾಡಿ, 1872ರಲ್ಲಿ ವ್ಯಾಸಲೀನ್ ಎಂಬ ಹೆಸರಲ್ಲಿ ಪೇಟೆಂಟ್ ಪಡೆದ. ಜನರ ಮುಂದೆ ತನ್ನ ಕೈಯನ್ನೇ ಸುಟ್ಟುಕೊಂಡು ಅದಕ್ಕೆ ಹಚ್ಚಿ ತೋರಿಸುತ್ತಿದ್ದ. ದಿನಕ್ಕೊಂದು ಚಮಚ ತಿನ್ನುತ್ತೇನೆ ಎಂದೂ ಹೇಳಿಕೊಂಡ. 96 ವರ್ಷ ಬದುಕಿದ. ದಯವಿಟ್ಟು ಈ ಕೊನೆಯ ಎರಡು ವಾಕ್ಯಗಳನ್ನು ಒಂದಕ್ಕೊಂದು ಗಂಟು ಹಾಕಬೇಡಿ. ಮನೆಮದ್ದಿನ ಅರ್ಧ ನಂಬಿಕೆಗಳು ಹುಟ್ಟುವುದೇ ಇಂಥ ಗಂಟಿನಿಂದ.

ಕ್ರಮ ಇಷ್ಟೇ. ಕಾಲು ನೆನೆಸಿ. ಒದ್ದೆಯಿರುವಾಗಲೇ ಪ್ಯೂಮಿಸ್ ಕಲ್ಲಿನಿಂದ ಹಗುರಾಗಿ ಉಜ್ಜಿ. ಬಟ್ಟೆಯಿಂದ ಒತ್ತಿ, ನೀರಿಳಿಸಿ, ಪೂರ್ತಿ ಒಣಗುವ ಮುಂಚೆ ಗ್ಲಿಸರಿನ್ನೋ ಯೂರಿಯಾ ಕ್ರೀಮೋ ಹಚ್ಚಿ. ಅದರ ಮೇಲೆ ಜೆಲ್ಲಿ ಅಥವಾ ಎಣ್ಣೆ. ಮೇಲೆ ಹತ್ತಿಯ ಕಾಲುಚೀಲ. ವಾರಗಟ್ಟಲೆ ಮಾಡಬೇಕು. ಬ್ಲೇಡು ಬೇಡವೇ ಬೇಡ. ಜಡ್ಡೆಲ್ಲ ಶತ್ರುವೂ ಅಲ್ಲ. ಬರಿಗಾಲಲ್ಲಿ ಓಡಾಡುವವರ ಅಂಗಾಲನ್ನು ಅಳೆದ ಒಂದು ಅಧ್ಯಯನ 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅವರ ಜಡ್ಡು ದಪ್ಪ, ಆದರೆ ನೆಲದ ಸ್ಪರ್ಶ ತಿಳಿಯುವುದರಲ್ಲಿ ಅವರೇನೂ ಹಿಂದಿರಲಿಲ್ಲ. ಮೈಯೇ ಹೊಲಿದುಕೊಟ್ಟ ಚಪ್ಪಲಿ ಅದು. ಪೂರ್ತಿ ಕೆರೆದು ತೆಗೆಯುವುದು ಯಾಕೆ?

ಸಕ್ಕರೆ ಕಾಯಿಲೆ ಇರುವವರು ಮಾತ್ರ ಈ ನೆನೆಸುವ, ಉಜ್ಜುವ ಕೆಲಸಕ್ಕೆ ಕೈಹಾಕುವ ಮೊದಲು ವೈದ್ಯರನ್ನು ಕೇಳಿ. ಕಾಲಿನ ನರ ಸೋತಿದ್ದರೆ ಬೆವರೂ ಕಡಿಮೆ, ನೋವೂ ತಿಳಿಯಲ್ಲ. ಬಿರುಕಿನಿಂದ ಸೋಂಕು ಒಳಗೆ ಹೋದದ್ದು ಗೊತ್ತೇ ಆಗದಿರಬಹುದು. ಇನ್ನೊಂದು ಮಾತು. ತಿಂಗಳುಗಟ್ಟಲೆ ಹಚ್ಚಿದರೂ ಬಗ್ಗದೆ, ಅಂಗಾಲಿಡೀ ಹಿಟ್ಟು ಉದುರಿದಂತೆ ಬೆಳ್ಳಗಿದ್ದರೆ, ಉಗುರೂ ದಪ್ಪಗಾಗಿದ್ದರೆ, ಅದು ಬರೀ ಒಣ ಚರ್ಮ ಆಗಿರಲಿಕ್ಕಿಲ್ಲ. ಶಿಲೀಂಧ್ರ ಇರಬಹುದು. ಅದಕ್ಕೆ ಔಷಧಿಯೇ ಬೇರೆ.

ನನ್ನ ಬಟ್ಟಲುಗಳ ಕತೆ ಇನ್ನೂ ಸ್ವಲ್ಪ ಉಳಿದಿದೆ. ನೀರಿನಿಂದ ತೆಗೆದ ತುಂಡನ್ನು ಮತ್ತೆ ಎರಡು ಮಾಡಿದೆ. ಒಂದರ ಸುತ್ತ ಜೆಲ್ಲಿ ದಪ್ಪಗೆ ಮೆತ್ತಿದೆ, ಇನ್ನೊಂದನ್ನು ಹಾಗೇ ಕಾಗದದ ಮೇಲಿಟ್ಟೆ. ಸಂಜೆ ಬಂದು ನೋಡಿದರೆ ಬರಿಯ ತುಂಡು ಅಂಚಿನಲ್ಲಿ ಸುರುಳಿ ಸುತ್ತಿಕೊಂಡು ಉಗುರಿನಷ್ಟು ಗಟ್ಟಿಯಾಗಿತ್ತು. ಜೆಲ್ಲಿಯೊಳಗಿನದನ್ನು ಬಗ್ಗಿಸಿದೆ. ಬಗ್ಗಿತು.