ಟಿಸಿಇ ತೊಟ್ಟಿ ಹತ್ತಿರ ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಕಾ?

ಪ್ರಶ್ನೆ: ಬೆಳಗಾವಿ ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ಕೆಲಸ ಮಾಡ್ತೀನ್ರಿ. ಮಷೀನ್ ಪಾರ್ಟಿನ ಆಯಿಲ್, ಗ್ರೀಸ್ ತೆಗೆಯಲು ಟಿಸಿಇ ಅನ್ನೋ ಕೆಮಿಕಲ್ ಬಳಸ್ತೀವಿ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ತೀವಿ, ಕಿಟಕಿ ತೆರೆದೇ ಇರ್ತದ. ಅಷ್ಟು ಸಾಕೇನ್ರಿ?

ಉತ್ತರ: ಸಾಕಾಗಲ್ಲ. ಬಟ್ಟೆ ಸ್ವಲ್ಪ ಧೂಳು ತಡೆಯಬಹುದು, ಆವಿಯನ್ನು ತಡೆಯುವುದಿಲ್ಲ. ಎನ್-95 ಮಾಸ್ಕ್ ಕೂಡ ಇಲ್ಲಿ ಉಪಯೋಗಕ್ಕೆ ಬರಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ (ಇಂಥ ಆವಿಯನ್ನು ಹೀರಿಕೊಳ್ಳುವ ಡಬ್ಬಿ) ಇರುವ ಮಾಸ್ಕೇ ಬೇಕು, ಆ ಕಾರ್ಟ್ರಿಡ್ಜನ್ನೂ ಆಗಾಗ ಬದಲಿಸಬೇಕು.

ಟಿಸಿಇ ಅಂದರೆ ಟ್ರೈಕ್ಲೋರೋಎಥಿಲೀನ್. ಜಿಡ್ಡನ್ನು ಚೆನ್ನಾಗಿ ಕರಗಿಸುತ್ತದೆ, ಬೇಗ ಆರುತ್ತದೆ, ಪೆಟ್ರೋಲಿನ ಹಾಗೆ ಥಟ್ಟನೆ ಹೊತ್ತಿಕೊಳ್ಳಲ್ಲ. ವರ್ಕ್‌ಶಾಪಿನವರಿಗೆ ಅದಕ್ಕೇ ಇದು ಇಷ್ಟ. 87 ಡಿಗ್ರಿಗೆ ಕುದಿಯುತ್ತದೆ. ವೇಪರ್ ಡಿಗ್ರೀಸರ್ ಅನ್ನುವ ತೊಟ್ಟಿಯಲ್ಲಿ ಇದನ್ನು ಕಾಯಿಸುತ್ತಾರೆ, ಬಿಸಿ ಆವಿ ತಣ್ಣಗಿರುವ ಪಾರ್ಟಿನ ಮೇಲೆ ಹನಿಯಾಗಿ ಇಳಿಯುತ್ತಾ ಜಿಡ್ಡನ್ನೂ ಎಳೆದುಕೊಂಡು ಹೋಗುತ್ತದೆ.

ಕಿಟಕಿಯ ವಿಷಯಕ್ಕೆ ಬರೋಣ. ಈ ಆವಿ ಗಾಳಿಗಿಂತ ಸುಮಾರು 4.5 ಪಟ್ಟು ಭಾರ. ಹಾಗಾಗಿ ಮೇಲೇರಿ ಕಿಟಕಿಯಿಂದ ಹೋಗುವ ಬದಲು ತೊಟ್ಟಿಯ ತಳದಲ್ಲಿ, ನೆಲದ ಮಟ್ಟದಲ್ಲಿ, ಗುಂಡಿಗಳಲ್ಲಿ ನಿಲ್ಲುತ್ತದೆ. ಆವಿ ಎಳೆಯುವ ಎಕ್ಸಾಸ್ಟ್ ತೊಟ್ಟಿಯ ಅಂಚಿನಲ್ಲೇ ಇರಬೇಕು. ಖಾಲಿ ತೊಟ್ಟಿಗೆ ಇಳಿದು ತಳ ಉಜ್ಜುವ ಕೆಲಸವಂತೂ ತುಂಬಾ ಅಪಾಯದ್ದು, ಕಾರ್ಟ್ರಿಡ್ಜ್ ಮಾಸ್ಕೂ ಅಲ್ಲಿ ಕಾಪಾಡಲ್ಲ, ಒಬ್ಬ ಒಳಗೆ ಬಿದ್ದಾಗ ಎತ್ತಲು ಹಾಗೇ ಇಳಿದವನೂ ಬೀಳುತ್ತಾನೆ. ದಯವಿಟ್ಟು ಇಳಿಯಬೇಡಿ, ಯಾರೇ ಹೇಳಿದರೂ.

ವಾಸನೆ ಬಂದಾಗ ದೂರ ಸರಿದರಾಯಿತು ಅಂತ ಕೆಲವರು ಹೇಳುತ್ತಾರೆ. ಅದರ ಸಿಹಿ ವಾಸನೆಗೆ ಮೂಗು ಬೇಗ ಒಗ್ಗಿಬಿಡುತ್ತದೆ, ಹಾಗಾಗಿ ನಂಬಬೇಡಿ. ತಲೆಸುತ್ತು, ತಲೆನೋವು, ಮಂಪರು ಬಂದರೆ ಕೂಡಲೇ ಹೊರಗಿನ ಗಾಳಿಗೆ ಬನ್ನಿ. ಡಾಕ್ಟರ ಹತ್ತಿರ ಹೋದಾಗ ಕೆಮಿಕಲ್ಲಿನ ಹೆಸರನ್ನು ಮೊದಲೇ ಹೇಳಿ, ಯಾಕೆಂದರೆ ಇದು ಹೃದಯದ ಬಡಿತವನ್ನೂ ಏರುಪೇರು ಮಾಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮುಖ್ಯವಾಗಿ ಕಿಡ್ನಿ ಕ್ಯಾನ್ಸರ್.

ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಾ? ಆ ಶಾಖಕ್ಕೆ ಆವಿ ಒಡೆದು ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟಬಹುದು. ಅದನ್ನು ಉಸಿರಾಡಿದವರಿಗೆ ಎಷ್ಟೋ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ತೊಟ್ಟಿ ಹತ್ತಿರ ಬೀಡಿ ಸೇದುವುದೂ ಬೇಡ.

ಮಾಮೂಲಿ ನೈಟ್ರೈಲ್ ಗ್ಲೌಸನ್ನು ಟಿಸಿಇ ಬೇಗ ದಾಟುತ್ತದೆ, ವೈಟಾನ್ ಅನ್ನುವ ರಬ್ಬರಿನ ಗ್ಲೌಸ್ ಕೇಳಿ. ಬಳಸಿದ್ದನ್ನು ಗಟಾರಕ್ಕೆ ಸುರಿಯಬೇಡಿ. ನೀರಿಗಿಂತ ಭಾರವಾದ್ದರಿಂದ ಅದು ನೆಲದೊಳಗೆ ಆಳಕ್ಕೆ ಇಳಿದು ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕೆಡಿಸುತ್ತದೆ. ಮುಚ್ಚಿದ ಡ್ರಮ್ಮಿನಲ್ಲಿಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೇ ಕೊಡಬೇಕು.

ಮಾಲೀಕರ ಹತ್ತಿರ ಒಂದು ಮಾತು ಕೇಳಿ ನೋಡಿ: ನಮ್ಮ ಪಾರ್ಟ್‌ಗಳನ್ನು ತೊಳೆಯಲು ಟಿಸಿಇ ಬೇಕೇ ಬೇಕಾ? ಎಷ್ಟೋ ಕೆಲಸಕ್ಕೆ ನೀರಿನಲ್ಲಿ ಬೆರೆಸಿ ಬಿಸಿ ಮಾಡುವ ಡಿಗ್ರೀಸರೇ ಸಾಕಾಗುತ್ತದೆ.